ಒಂದೇ ಗೋಲಿನ ಸೋಲು

ಫುಟ್‌ಬಾಲ್ ನೋಡುವವರ ಕೆಲಸ ರೆಫರಿಯ ಕೊನೆಯ ಸೀಟಿಯೊಂದಿಗೆ ಮುಗಿಯುತ್ತದೆ ಎಂಬುದು ಗೆದ್ದ ದಿನದ ಮಾತು. ತಮ್ಮ ತಂಡ ಒಂದೇ ಗೋಲಿನಿಂದ ಸೋತ ರಾತ್ರಿ ಅಭಿಮಾನಿಗಳ ಆಟ ಶುರುವಾಗುವುದೇ ಸೀಟಿಯ ನಂತರ. ಆಡಿ ಮುಗಿದ ಪಂದ್ಯವನ್ನು ಕೊನೆಯಿಂದ ಮೊದಲಿನ ಕಡೆಗೆ ಬಿಚ್ಚುತ್ತ ಹೋಗುವ ಈ ಹವ್ಯಾಸಕ್ಕೆ, ಫುಟ್‌ಬಾಲನ್ನು ರಾಜ್ಯದ ಆಟವೆಂದು ಒಪ್ಪಿಕೊಂಡಿರುವ ಗೋವೆಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. 2011ರ ಜನಗಣತಿಯಲ್ಲಿ ಈ ರಾಜ್ಯದ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ನವದುರ್ಗೆಯ ದೇವಸ್ಥಾನವೂ ಕೈಗಾರಿಕಾ ವಸಾಹತೂ ಒಟ್ಟಿಗಿರುವ, ಫೋಂಡಾ ತಾಲ್ಲೂಕಿನ ಮಡ್ಕಯಿಯಂಥ ಊರಿನಲ್ಲಿ ದುಡಿದು ನೆಲೆಸಿದ ಕನ್ನಡಿಗರಿಗೆ ಈ ಹವ್ಯಾಸ ಸ್ವಲ್ಪ ಹೆಚ್ಚೇ ತೊಡಕಿನದು. ಏಕೆಂದರೆ ಅವರ ಮುಂದೆ 2014ರಲ್ಲಿ ಹುಟ್ಟಿದ ಎಫ್‌ಸಿ ಗೋವಾ, ಅದಕ್ಕಿಂತ ಒಂದು ವರ್ಷ ಹಿರಿಯದಾದ ಬೆಂಗಳೂರು ಎಫ್‌ಸಿ ಎಂಬ ಎರಡು ತಂಡಗಳಿದ್ದು, ಇವೆರಡೂ ಮತ್ತೆ ಮತ್ತೆ ಎದುರುಬದುರಾಗುತ್ತವೆ.

ಇಂಡಿಯನ್ ಸೂಪರ್ ಲೀಗ್‌ನ ಸೆಮಿಫೈನಲ್ ಆಗ ಎರಡು ಪಂದ್ಯಗಳಲ್ಲಿ ನಡೆಯುತ್ತಿತ್ತು. ಪ್ರತಿ ತಂಡವೂ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಿದ ಮೇಲೆ ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿ, ಹೆಚ್ಚು ಗೋಲು ಗಳಿಸಿದ ತಂಡವನ್ನು ಫೈನಲ್‌ಗೆ ಕಳಿಸಲಾಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ 2–0ಯಿಂದ ಸೋತು ಬಂದ ಗೋವಾ, ಆರನೆಯ ತಾರೀಖಿನಂದು ಮಡಗಾಂವ್‌ನ ಫತೋರ್ಡಾ ಅಂಗಣದಲ್ಲಿ ವಿರಾಮದ ಬಳಿಕ ಬೋರ್ಜಾ ಹೆರೆರಾ ಅವರಿಂದ ಒಂದು, ಕೊನೆಯ ಗಳಿಗೆಗಳಲ್ಲಿ ಅರ್ಮಾಂಡೊ ಸಾದಿಕು ಅವರಿಂದ ಇನ್ನೊಂದು ಗೋಲು ಪಡೆದು ಸಾಲವನ್ನು ಪೂರ್ತಿ ತೀರಿಸಿತು. ಆದರೆ ಗಾಯ, ಬದಲಿ ಆಟಗಾರರು ಎಂದು ಕಳೆದುಹೋದ ವೇಳೆಯನ್ನು ರೆಫರಿ ತೊಂಬತ್ತು ನಿಮಿಷಗಳಿಗೆ ಸೇರಿಸಿಕೊಡುವ ಅವಧಿಯಲ್ಲಿ, ನಲವತ್ತು ದಾಟಿದ ಸುನಿಲ್ ಚೆಟ್ರಿ ಹಾರಿಬಂದ ಚೆಂಡನ್ನು ತಲೆಯಿಂದ ಗೋಲಿಗೆ ಅಟ್ಟಿದರು. ಅಂದಿನ ಪಂದ್ಯವನ್ನು ಗೋವಾ 2–1ರಿಂದ ಗೆದ್ದಿತು, ಒಟ್ಟು ಲೆಕ್ಕದಲ್ಲಿ 2–3ರಿಂದ ಸೋತಿತು. ಗೆದ್ದೂ ಸೋಲುವುದೆಂದರೆ ಏನೆಂದು ಫತೋರ್ಡಾಕ್ಕೆ ಬಂದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಡ್ಕಯಿಯ ಕನ್ನಡಿಗರಂತೂ ಹಿಗ್ಗುವುದೋ ಕುಗ್ಗುವುದೋ ತಿಳಿಯದ ಸ್ಥಿತಿಯಲ್ಲಿದ್ದಿರಬೇಕು.

ಅಲ್ಪ ಅಂತರದ ಸೋಲು ಎಲ್ಲ ಆಟಗಳಲ್ಲಿಯೂ ಒಂದೇ ಬಗೆಯಲ್ಲಿ ನೋಯಿಸುವುದಿಲ್ಲವೆಂಬುದನ್ನು ಬ್ಯಾಸ್ಕೆಟ್‌ಬಾಲ್‌ನ ಪಕ್ಕದಲ್ಲಿಟ್ಟು ನೋಡಬಹುದು. ಆ ಆಟದ ಗಡಿಯಾರ ಹಿಮ್ಮುಖವಾಗಿ ಎಣಿಸುತ್ತದೆ, ಸೀಟಿ ಊದಿದಾಗಲೆಲ್ಲ ನಿಲ್ಲುತ್ತದೆ, ಆದ್ದರಿಂದ ಎಷ್ಟು ಸೆಕೆಂಡು ಉಳಿದಿದೆಯೆಂಬುದು ಎಲ್ಲರಿಗೂ ಕಾಣುತ್ತಿರುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಆಡಿಸಿದ್ದರಿಂದ 51–50ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೋತ ಅಮೆರಿಕದ ಆಟಗಾರರು ಬೆಳ್ಳಿ ಪದಕವನ್ನೇ ಸ್ವೀಕರಿಸಲಿಲ್ಲವೆಂಬುದು ಪ್ರಸಿದ್ಧ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ನಡೆದ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿದಾಗ ಕಜಕಸ್ತಾನದ ಅಭಿಮಾನಿಗಳಿಗೆ ಉಳಿದದ್ದೂ ಎರಡೇ ಅಂಕಗಳ ಕೊರಗು. ಆದರೂ ಎಪ್ಪತ್ತಕ್ಕೂ ಹೆಚ್ಚು ಅಂಕಗಳ ಪಂದ್ಯದಲ್ಲಿ ದುಃಖ ಹಂಚಿಹೋಗುತ್ತದೆ. ಮೊದಲ ಕ್ವಾರ್ಟರ್‌ನಲ್ಲಿ ಬುಟ್ಟಿಯ ಅಂಚಿಗೆ ಬಡಿದು ಹೊರಬಿದ್ದ ಒಂದು ಫ್ರೀ ಥ್ರೋ, ಅಂದರೆ ತಪ್ಪಿಗೆ ಪ್ರತಿಯಾಗಿ ಸಿಗುವ ತಡೆಯಿಲ್ಲದ ಎಸೆತ, ಕೊನೆಯ ಎಸೆತದಷ್ಟೇ ಹೊಣೆ ಹೊರಬಲ್ಲದು. ಫುಟ್‌ಬಾಲ್‌ನಲ್ಲಿ ಹಾಗೆ ಹಂಚಲು ಬೇಕಾದಷ್ಟು ಗೋಲುಗಳೇ ಇರುವುದಿಲ್ಲ. ಎಲ್ಲ ಭಾರವೂ ಒಂದು ಗಳಿಗೆಯ ಮೇಲೆ, ಬಹಳ ಸಲ ಒಬ್ಬ ಮನುಷ್ಯನ ಮೇಲೆ ಬೀಳುತ್ತದೆ.

ಪಳಗಿದ ಅಭಿಮಾನಿಯ ಕಸುಬು ಆ ಭಾರವನ್ನು ಇಳಿಸುವುದರಲ್ಲಿದೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿಯೂ ಇವೇ ಎರಡು ತಂಡಗಳಿದ್ದವು. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲದೆ, ಸಮಬಲ ಮುರಿಯಲೆಂದು ಕೊಡುವ ಮೂವತ್ತು ನಿಮಿಷಗಳ ಹೆಚ್ಚುವರಿ ಅವಧಿಯ ಕೊನೆಗೆ ಕಾರ್ನರ್ ಕಿಕ್‌ನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟರು, ಬೆಂಗಳೂರು 1–0ಯಿಂದ ಗೆದ್ದಿತು. ಹೊಸಬರ ನೋಟ ಆ ಹೆಡರ್‌ನಲ್ಲಿಯೇ ನಿಂತುಬಿಡುತ್ತದೆ. ಅನುಭವಿಗಳು ಅಲ್ಲಿಂದ ಹಿಂದಕ್ಕೆ ನಡೆದು, ಹೆಚ್ಚುವರಿ ಅವಧಿಯ ಮೊದಲರ್ಧ ಮುಗಿಯುವಾಗ ಎರಡನೆಯ ಹಳದಿ ಕಾರ್ಡ್ ಪಡೆದು ಅಂಗಣ ಬಿಟ್ಟ ಗೋವಾದ ಅಹ್ಮದ್ ಜಾಹು ಅವರ ಬಳಿ ನಿಲ್ಲುತ್ತಾರೆ. ಹತ್ತೇ ಮಂದಿ ಉಳಿದ ತಂಡ ದಣಿದ ಕಾಲುಗಳಲ್ಲಿ ಕಾರ್ನರ್‌ಗಳನ್ನು ಎದುರಿಸಬೇಕಾದದ್ದು ಅಲ್ಲಿಂದ. ಇನ್ನೂ ಹಿಂದೆ ಹೋದವರು, ಆ ಋತುವಿನ ಅತಿ ಹೆಚ್ಚು ಗೋಲುಗಳ ಒಡೆಯ ಕೋರೊಮಿನಾಸ್‌ಗೆ ಅಂದು ಒಂದು ಗೋಲೂ ದಕ್ಕದಂತೆ ಬೆಂಗಳೂರಿನ ರಕ್ಷಣೆ ಹೇಗೆ ನಿಂತಿತ್ತೆಂದು ನೋಡುತ್ತಾರೆ. ಅಷ್ಟರಲ್ಲಿ ಭೆಕೆಯ ಗೋಲು ಚಿಕ್ಕದಾಗಿರುತ್ತದೆ, ಪಂದ್ಯ ದೊಡ್ಡದಾಗಿರುತ್ತದೆ. ಬೆಂಗಳೂರಿನವರಿಗೂ ಈ ವಿದ್ಯೆ ಬಿಟ್ಟಿಯಾಗಿ ಬಂದದ್ದಲ್ಲ. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ಮಾರ್ಚ್ 17ರಂದು, ತವರಿನ ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಅವರು ಚೆನ್ನೈಯಿನ್‌ಗೆ 2–3ರಿಂದ ಸೋತಿದ್ದರು.

ಗೋವೆಯವರು ಇಂದಿಗೂ ಬಿಚ್ಚಿ ಮುಗಿಸದ ಗಂಟು 2015ರ ಡಿಸೆಂಬರ್‌ನ ಫತೋರ್ಡಾ ಫೈನಲ್. ಚೆನ್ನೈಯಿನ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಜೋಫ್ರೆ ಹೊಡೆದ ಫ್ರೀ ಕಿಕ್‌ನಿಂದ 2–1ರ ಮುನ್ನಡೆ ಪಡೆದಿದ್ದ ಗೋವಾ, ಮೊದಲು ತನ್ನದೇ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಅವರ ಹೆಸರಿಗೆ ಬರೆಯಲಾದ ಉಡುಗೊರೆ ಗೋಲಿನಿಂದ, ಅಂದರೆ ಸ್ವಂತ ತಂಡದವರಿಂದಲೇ ಎದುರಾಳಿಗೆ ದಕ್ಕಿದ ಗೋಲಿನಿಂದ, ಅದರ ಬೆನ್ನಿಗೇ ಸ್ಟೀವನ್ ಮೆಂಡೋಜಾ ಅವರ ಗೋಲಿನಿಂದ 2–3ರಲ್ಲಿ ಸೋತಿತು. ಕಟ್ಟಿಮನಿ ಎಂಬ ಮನೆತನದ ಹೆಸರು ಧಾರವಾಡ, ಬೆಳಗಾವಿ ಕಡೆಯವರ ಕಿವಿಗೆ ಹೊಸದಲ್ಲ, ಹಾಗಾಗಿ ಗೋವೆಯ ಕನ್ನಡಿಗರು ಅವರ ಪರವಾಗಿ ಸ್ವಲ್ಪ ಹೆಚ್ಚು ವಾದಿಸಿದರೆ ಆಶ್ಚರ್ಯವಿಲ್ಲ. ವಾದಕ್ಕೆ ಆಧಾರವೂ ಇದೆ: ಅದೇ ಪಂದ್ಯದಲ್ಲಿ ಅವರು ಪೆನಾಲ್ಟಿ ಹೊಡೆತವನ್ನೂ ತಡೆದಿದ್ದರು. ಕೊನೆಯ ಗಳಿಗೆಯನ್ನಷ್ಟೇ ನೆನಪಿಡುವವರಿಗೆ ಇದು ನೆನಪಾಗುವುದಿಲ್ಲ.

ಪೆನಾಲ್ಟಿ ಶೂಟೌಟ್‌ನ ಸೋಲಿನಲ್ಲಿ ಹೀಗೆ ಹಿಂದಕ್ಕೆ ಹೋಗುವುದೂ ಕಷ್ಟ. 2023ರ ಮಾರ್ಚ್ 18ರಂದು ಫತೋರ್ಡಾದಲ್ಲಿಯೇ ಎಟಿಕೆ ಮೋಹನ್ ಬಾಗಾನ್ ವಿರುದ್ಧ 2–2ರ ಸಮಬಲದ ನಂತರ ಬೆಂಗಳೂರು ಶೂಟೌಟ್‌ನಲ್ಲಿ 3–4ರಿಂದ ಸೋತಾಗ, ನೂರಿಪ್ಪತ್ತು ನಿಮಿಷಗಳ ಆಟಕ್ಕೂ ಆ ಹೊಡೆತಗಳಿಗೂ ನಡುವೆ ಎಳೆ ಹುಡುಕಿದವರಿಗೆ ಏನೂ ಸಿಕ್ಕಿರಲಾರದು.

2025ರ ಆ ಸೆಮಿಫೈನಲ್ ಗೆದ್ದ ಬೆಂಗಳೂರು ಆರೇ ದಿನಗಳಲ್ಲಿ ಕೋಲ್ಕತ್ತದ ಫೈನಲ್‌ನಲ್ಲಿ ಮೊದಲು ಮುನ್ನಡೆ ಪಡೆದೂ ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತಿತು; ಗೋವೆಯ ಪಕ್ಷಪಾತಿಗಳು ಅದರಲ್ಲಿ ತುಸು ಸಮಾಧಾನ ಕಂಡಿದ್ದರೆ ತಪ್ಪೆಣಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ಗೋವಾ ಭುವನೇಶ್ವರದಲ್ಲಿ ಜೆಮ್‌ಷೆಡ್‌ಪುರವನ್ನು 3–0ಯಿಂದ ಮಣಿಸಿ ಸೂಪರ್ ಕಪ್ ಎತ್ತಿತು. ಸಂಭ್ರಮಕ್ಕೆ ಅದು ಸಾಕಷ್ಟಾಯಿತು, ಆದರೆ ಪಂದ್ಯವನ್ನು ಬಿಚ್ಚಿ ನೋಡುವವರಿಗೆ ಆ ರಾತ್ರಿ ಹೆಚ್ಚು ಕೆಲಸವಿರಲಿಲ್ಲ.