ಶುಕ್ರವಾರ ಸಂಜೆಯ ಚೀಟಿ

ಇನ್ನೊಂದು ಕೊರಡು ಬೆಂಕಿಗೆ ಹಾಕಿ, ಹೇಳುತ್ತೇನೆ. 2018ರ ಮಾತಿದು. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನ ಬೊಲಿಂಜರ್ ಕ್ಯಾನ್ಯನ್ ರಸ್ತೆಯಿಂದ ತುಸು ಒಳಗಿದ್ದ ಒಂದು ಸಾಮಾನ್ಯ ಕ್ಲಿನಿಕ್‌ನಲ್ಲಿ ಆಗ ನಾನು ನರ್ಸ್ ಪ್ರಾಕ್ಟಿಷನರ್. ನೆಗಡಿ, ಬಿಪಿ, ಶುಗರ್, ಶಾಲೆಗೆ ಸೇರುವ ಮಕ್ಕಳ ಲಸಿಕೆ, ಬರುವವರೆಲ್ಲ ಇಂಥದ್ದಕ್ಕೇ. ಶುಕ್ರವಾರ, ನಾಲ್ಕು ಗಂಟೆಯ ಹೊತ್ತು. ಡಾಕ್ಟರು ಆಗಲೇ ಮನೆಗೆ ಹೊರಟಿದ್ದರು. ಕೊನೆಗೆ ಒಬ್ಬ ಹುಡುಗ ಬಂದ. ಹೊಟ್ಟೆನೋವು ಅಂತ ಬರೆಸಿದ್ದ. ಅವನ ಊರು, ಕೆಲಸ ಯಾವುದನ್ನೂ ಹೇಳುವುದಿಲ್ಲ. ಮಾತು ಧಾರವಾಡದ ಕಡೆಯದು ಅಂತಷ್ಟೇ ಇಟ್ಟುಕೊಳ್ಳಿ.

ಹೊಟ್ಟೆ ಒತ್ತಿ ನೋಡಿದೆ. ಏನೂ ಇರಲಿಲ್ಲ. ‘ಇವು ಎಲ್ಲರನ್ನೂ ಕೇಳುವ ಪ್ರಶ್ನೆಗಳು’ ಅಂತ ಇಂಗ್ಲಿಷಿನಲ್ಲೇ ಶುರು ಮಾಡಿದೆ. ಇತ್ತೀಚೆಗೆ ಯಾರೊಡನೆಯಾದರೂ ಕೂಡಿದ್ದುಂಟೇ, ಗಂಡಸರೋ, ಹೆಂಗಸರೋ, ಇಬ್ಬರೂ ಉಂಟೋ, ಕಾಂಡೋಮ್ ಇತ್ತೋ. ಅವನ ಕಣ್ಣು ನನ್ನ ಬ್ಯಾಡ್ಜಿನ ಮೇಲೆ ಹೋಯಿತು. ಹೆಸರು ಓದಿಕೊಂಡ.

‘ನೀವು ಕನ್ನಡದವರೇನ್ರಿ?’

ಹೌದು ಅಂದೆ. ಅಷ್ಟಕ್ಕೇ ಬ್ಯಾಗು ಹೆಗಲಿಗೇರಿಸಿ ಎದ್ದೇಬಿಟ್ಟ. ‘ಬ್ಯಾಡ ಬಿಡ್ರಿ ಮೇಡಂ. ಈಗ ಆರಾಮ ಐತಿ.’

ಯಾಕೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ ಅಂದರೆ ಬೇ ಏರಿಯಾದ ನಮ್ಮವರೆಲ್ಲ ಒಂದೇ ಸೂರಿನಡಿ. ಊಟದ ಸಾಲಿನಲ್ಲಿ ಎದುರಿಗೆ ಸಿಗಬಹುದಾದ ಹೆಂಗಸಿನ ಮುಂದೆ ಯಾವ ಹುಡುಗ ತಾನೆ ಇದನ್ನು ಬಾಯಿಬಿಟ್ಟಾನು?

‘ನೀವು ಹೇಳಿದ್ದು ಈ ಕೋಣೆಯಿಂದ ಆಚೆ ಹೋದರೆ ನನ್ನ ಲೈಸೆನ್ಸಿಗೇ ಕುತ್ತು. ಬೇರೆಯವರು ನೋಡಬೇಕು ಅಂದರೆ ನಾನೇ ಫೋನ್ ಮಾಡಿ ಗೊತ್ತುಮಾಡಿ ಕೊಡ್ತೀನಿ. ಎಷ್ಟು ಹೊತ್ತಾಯಿತು, ಅದೊಂದನ್ನು ಹೇಳಿ ಹೋಗಿ.’

ಬಾಗಿಲ ಹಿಡಿಕೆಯ ಮೇಲೆ ಕೈ ಹಾಗೇ ಇತ್ತು. ತಿರುಗದೆಯೇ ಹೇಳಿದ: ‘ಬುಧವಾರ ರಾತ್ರಿ. ಹನ್ನೊಂದಕ್ಕ.’

ನಲವತ್ತೊಂದು ಗಂಟೆ. ಎಚ್‌ಐವಿ ತಗುಲಿರಬಹುದು ಅನ್ನಿಸಿದರೆ 72 ಗಂಟೆಯೊಳಗೆ ಪೆಪ್ ಮಾತ್ರೆ ಶುರುವಾಗಬೇಕು. ಬೇಗ ನುಂಗಿದಷ್ಟೂ ಒಳ್ಳೆಯದು. ವೈರಸ್ಸು ಮೈಯಲ್ಲಿ ಬೇರೂರುವ ಮೊದಲೇ ಅದು ಮರಿ ಹಾಕದಂತೆ ತಡೆಯುವ ಮೂರು ಔಷಧಿಗಳು, ಎರಡು ಮಾತ್ರೆಗಳಲ್ಲಿ, 28 ದಿನ. ಸೋಮವಾರ ಡಾಕ್ಟರು ಬರಲಿ ಅಂತ ಕಾದಿದ್ದರೆ ಗಡುವು ಮೀರಿಹೋಗುತ್ತಿತ್ತು.

ಆ ಚೀಟಿ ಬರೆಯುವ ಹಕ್ಕು ನನ್ನ ಕೈಯಲ್ಲಿ ಇತ್ತಲ್ಲ, ಅದರ ಕಥೆ ಹೇಳಬೇಕು. ಆಗಿನ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ನರ್ಸ್ ಪ್ರಾಕ್ಟಿಷನರ್ ಯಾವ ಔಷಧಿ ಬರೆಯಬೇಕಾದರೂ ಡಾಕ್ಟರ ಜೊತೆಗಿನ ಲಿಖಿತ ಒಪ್ಪಂದದೊಳಗೇ ಬರೆಯಬೇಕಿತ್ತು. ಪೆಪ್ ಮತ್ತು ಸೋಂಕು ತಗುಲದಂತೆ ಮುಂಚಿತವಾಗಿಯೇ ನುಂಗುವ ಪ್ರೆಪ್ ಎರಡನ್ನೂ ಅದರಲ್ಲಿ ಸೇರಿಸಿ ಅಂತ ನಾನು ಹಟ ಹಿಡಿದಿದ್ದೆ. ‘ಅದೆಲ್ಲ ಸಿಟಿಯ ಸಮಾಚಾರ, ಸ್ಯಾನ್ ರಮೋನ್‌ನಲ್ಲಿ ಯಾರು ಕೇಳ್ತಾರೆ’ ಅಂದರು ಡಾಕ್ಟರು. ಸಹಿಯನ್ನೇನೋ ಹಾಕಿದರು. ನನಗೆ ಅನ್ನಿಸುವುದೇ ಬೇರೆ. ಇಂಥ ಸಂಸಾರವಂದಿಗರ ಊರಿನಲ್ಲೇ ಜನ ಬಾಯಿಬಿಡಲಾರದೆ ಹೊಟ್ಟೆನೋವು ಅಂತ ಬರೆಸುತ್ತಾರೆ.

ಈ ಕೆಲಸ ನಾನು ಕಲಿತದ್ದು ಸಿಟಿಯಲ್ಲಿ. ರಜೆ ಹಾಕಿ, ಪಕ್ಕದ ಡಬ್ಲಿನ್‌ನಲ್ಲಿ ಬಾರ್ಟ್ ರೈಲು ಹತ್ತಿ, ಮಿಷನ್ನಿನ 24ನೇ ಬೀದಿಯಲ್ಲಿಳಿದು ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯ ವಾರ್ಡ್ 86ಕ್ಕೆ ಹೋಗುತ್ತಿದ್ದೆ. ಏಡ್ಸ್ ರೋಗಿಗಳಿಗೆಂದೇ 1983ರ ಜನವರಿಯಲ್ಲಿ ತೆರೆದ ಹೊರರೋಗಿ ವಿಭಾಗ ಅದು. ಅದೇ ವರ್ಷ ಜುಲೈನಲ್ಲಿ ಕ್ಲಿಫ್ ಮಾರಿಸನ್ ಎಂಬ ನರ್ಸ್ ಮುಂದಾಗಿ ನಿಂತು ಒಳರೋಗಿಗಳಿಗೆ 5ಬಿ ವಾರ್ಡ್ ಕಟ್ಟಿದರು. ಅಲ್ಲಿಗೆ ಬಂದ ನರ್ಸುಗಳೆಲ್ಲ ತಾವಾಗಿಯೇ ಬಂದವರು, ಬರಿಗೈಯಲ್ಲಿ ರೋಗಿಯ ಕೈ ಹಿಡಿದು ಕೂರುತ್ತಿದ್ದವರು. ಬೆಂಗಳೂರಿನ ಒಂದು ವಾರ್ಡಿನಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಂಡದ್ದು ಬೇರೆ. ಡ್ರಿಪ್ ಬಿಟ್ಟರೆ ಕೊಡಲು ನಮ್ಮ ಬಳಿ ಹೆಚ್ಚೇನೂ ಇರಲಿಲ್ಲ, ಊಟದ ತಟ್ಟೆಯನ್ನು ಕಾಲಿನಲ್ಲಿ ಮಂಚದ ಕೆಳಗೆ ತಳ್ಳುತ್ತಿದ್ದರು. ಭಾರತ ಸರ್ಕಾರ ಎಚ್‌ಐವಿಗೆ ಉಚಿತ ಎಆರ್‌ಟಿ ಔಷಧಿ ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಹೋದವರ ಮುಖಗಳು ಈಗಲೂ ನನ್ನನ್ನು ಬಿಟ್ಟಿಲ್ಲ.

ನನಗೆ ಕಲಿಸಿದವರು ವಯಸ್ಸಾದ ಒಬ್ಬ ನರ್ಸ್. ಔಷಧಿ ಪಾಠ ಬೇಗ ಮುಗಿಯಿತು. ಕಿಡ್ನಿ ನೋಡು. ಹೆಪಟೈಟಿಸ್ ಬಿ ಇದೆಯೋ ನೋಡು, ಯಾಕೆಂದರೆ ಪೆಪ್ ಮಾತ್ರೆ ಆ ವೈರಸ್ಸನ್ನೂ ಅದುಮಿಡುತ್ತದೆ, ತಟ್ಟನೆ ನಿಲ್ಲಿಸಿದರೆ ಅದು ಕೆರಳಬಹುದು. ಮುಗಿಯದ ಪಾಠ ಅಂದರೆ ಪ್ರಶ್ನೆ ಕೇಳುವುದು. ಅವರೇ ರೋಗಿಯಾಗಿ ಎದುರು ಕೂತು ಏನೇನೋ ಉತ್ತರ ಕೊಡುತ್ತಿದ್ದರು. ನನ್ನ ಹುಬ್ಬು ಕೂದಲೆಳೆಯಷ್ಟು ಮೇಲೇರಿದರೂ ಸಾಕು, ‘ಮೊದಲಿನಿಂದ’ ಅನ್ನುತ್ತಿದ್ದರು.

ಆ ಶುಕ್ರವಾರ ಹುಡುಗ ಬಾಗಿಲಿನಿಂದ ಮರಳಿ ಬಂದು ಕೂತ. ಬೆರಳು ಚುಚ್ಚಿ ಟೆಸ್ಟ್ ಮಾಡಿದೆ, ನೆಗೆಟಿವ್. ಉಳಿದ ಪರೀಕ್ಷೆಗೆ ರಕ್ತ ತೆಗೆದೆ. ಯುಸಿಎಸ್‌ಎಫ್‌ನವರು ನಮ್ಮಂಥವರಿಗಾಗಿ ನಡೆಸುತ್ತಿದ್ದ ಪೆಪ್‌ಲೈನಿಗೆ ಫೋನ್ ಮಾಡಿ ಒಮ್ಮೆ ಖಾತ್ರಿ ಮಾಡಿಕೊಂಡೆ. ಅವನ ಚಿಂತೆ ಇನ್ನೆಲ್ಲೋ ಇತ್ತು. ‘ವೀಸಾ ಹೋಗತೈತೇನ್ರಿ? ವಾಪಸ್ ಕಳಸ್ತಾರೇನು?’ ಎಚ್‌ಐವಿ ಇದ್ದವರು ಅಮೆರಿಕಕ್ಕೆ ಬರುವಂತಿಲ್ಲ ಅಂತ ಹಿಂದೆ ನಿಯಮ ಇದ್ದದ್ದು ನಿಜ, ಅದು 2010ರ ಜನವರಿಯಲ್ಲೇ ರದ್ದಾಗಿದೆ ಅಂದೆ. ಅವನ ಭುಜ ಇಳಿದದ್ದು ಆಗಲೇ. ‘ಮುಂದಿನ ತಿಂಗಳು ಅವ್ವ ಬರಾಕತ್ತಾಳ್ರಿ. ಫ್ರಿಜ್ಜಿನ್ಯಾಗ ಇಡಬೇಕೇನು?’ ಬೇಡ, ಮೇಜಿನ ಡ್ರಾಯರ್ ಸಾಕು ಅಂದೆ.

ಚೀಟಿ ಬರೆದದ್ದಕ್ಕಿಂತ ಮಾತ್ರೆ ಹುಡುಕಿದ್ದೇ ಕಷ್ಟವಾಯಿತು. ಹತ್ತಿರದ ಔಷಧಿ ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಸೋಮವಾರ ತರಿಸುತ್ತೇವೆ ಅಂದರು. ಇನ್ನೊಂದರಲ್ಲಿ ಎರಡು ಡಬ್ಬಿಗಳ ಪೈಕಿ ಒಂದು ಮಾತ್ರ. ಕೊನೆಗೆ ಡಬ್ಲಿನ್‌ನ ಒಂದು ಅಂಗಡಿಯಲ್ಲಿ ಎರಡೂ ಸಿಕ್ಕಿದವು. ಹುಡುಗ ಅಲ್ಲಿಂದ, ಕಾರಿನೊಳಗಿಂದಲೇ ಫೋನ್ ಮಾಡಿದ. ‘ನೀಲೀದು ದೊಡ್ಡದು, ಹಳದೀದು ಸಣ್ಣದು. ಈಗ ನುಂಗಲೇನ್ರಿ ಅಕ್ಕಾರ?’

‘ನೀರಿದೆಯಾ?’

‘ಐತ್ರಿ.’

‘ಹಾಗಾದರೆ ನುಂಗಿ. ನಾನು ಫೋನ್ ಹಿಡಿದೇ ಇರ್ತೀನಿ.’

ಆರು ವಾರದ ಮೇಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ ರಕ್ತ ನೋಡಿದೆವು. ನೆಗೆಟಿವ್. ಪ್ರೆಪ್ ಬಗ್ಗೆ ಆಮೇಲೆ ಅವನೇ ಕೇಳಿದ, ಸಂಕೋಚದಿಂದ. ನಮ್ಮ ಮೈಸೂರಿನ ಅಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ಇದೇ ಮಾತ್ರೆಯ ಪ್ರಯೋಗವನ್ನು ತಾವೇ ಮುಂದೆ ನಿಂತು ನಡೆಸಿದ್ದನ್ನು ಹೇಳಿದೆ. ‘ಮೈಸೂರಾಗ?’ ಅಂತ ಎರಡು ಸಲ ಕೇಳಿದ. ಅವತ್ತೇ ಪ್ರೆಪ್ ಚೀಟಿಯನ್ನೂ ಬರೆದೆ.

ಈಗ ಕಾನೂನು ಸಡಿಲವಾಗಿದೆ. ಅನುಭವ ಇರುವ ನರ್ಸ್ ಪ್ರಾಕ್ಟಿಷನರುಗಳಿಗೆ 2023ರಿಂದ ಡಾಕ್ಟರ ಒಪ್ಪಂದವಿಲ್ಲದೆಯೇ ಬರೆಯಲು ದಾರಿಯಾಗಿದೆ. ಪ್ರೆಪ್‌ಗೆಂದು ಆರು ತಿಂಗಳಿಗೊಂದು ಚುಚ್ಚುಮದ್ದು, ಲೆನಕಾಪವಿರ್, 2025ರ ಜೂನ್‌ನಲ್ಲಿ ಬಂದಿದೆ. ಕಲಿಯಲು ಬರುವ ಹುಡುಗಿಯರೆಲ್ಲ ಮೊದಲು ಕೇಳುವುದು ಅದನ್ನೇ. ಅದನ್ನು ಆಮೇಲೆ ನೋಡೋಣ ಅನ್ನುತ್ತೇನೆ. ಶುಕ್ರವಾರ ನಾಲ್ಕು ಗಂಟೆಗೆ ಅವರ ಕೈಗೆ ಫೋನ್ ಕೊಟ್ಟು, ಸುತ್ತಲಿನ ಔಷಧಿ ಅಂಗಡಿಗಳ ಪೈಕಿ ಪೆಪ್ ಮಾತ್ರೆ ಈಗಿಂದೀಗ ಎಲ್ಲಿದೆ ಅಂತ ಕೇಳಿ ಪಟ್ಟಿ ಮಾಡಿಸುತ್ತೇನೆ.