ಎಳೆಯ ಕೈಗೆ ಎಷ್ಟು ಭಾರದ ಕೋಲು?

ಮಕ್ಕಳನ್ನು ಆಟದ ತರಬೇತಿಗೆ ಸೇರಿಸುವಾಗ ನೀವು ಮೊದಲು ಏನನ್ನು ವಿಚಾರಿಸುತ್ತೀರಿ? ಶುಲ್ಕ, ವೇಳೆ, ಹೋಗಿಬರುವ ಅನುಕೂಲ. ಮಗುವಿನ ಮೈಮನಸ್ಸುಗಳು ಆ ಆಟಕ್ಕೆ ಸಿದ್ಧವಾಗಿವೆಯೇ ಎಂಬ ಪ್ರಶ್ನೆ ಬಹುಮಟ್ಟಿಗೆ ಕೊನೆಗೂ ಬರುವುದಿಲ್ಲ. ಬಹುಕಾಲ ದೈಹಿಕ ಶಿಕ್ಷಕನಾಗಿದ್ದ ನನಗೆ ಇದು ಮತ್ತೆ ಎದುರಾದದ್ದು ನಾನೆಂದೂ ಕಲಿಸದ ಗಾಲ್ಫ್ ಆಟದ ನೆಪದಲ್ಲಿ.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ತನ್ನ ಐದು ವರ್ಷದ ಮಗಳನ್ನು ಗಾಲ್ಫ್ ಕಲಿಯಲು ಸೇರಿಸಿದ್ದ. ಒಂದು ಶನಿವಾರ ನಾನೂ ಹೋದೆ. ದೊಡ್ಡವರ ಕೋಲನ್ನೇ ಕತ್ತರಿಸಿ ಗಿಡ್ಡಮಾಡಿ ಅವಳ ಕೈಗೆ ಕೊಟ್ಟಿದ್ದರು. ಉದ್ದ ಕಡಿಮೆಯಾದರೂ ತುದಿಯ ಲೋಹದ ಭಾರ ಕಡಿಮೆಯಾಗುವುದಿಲ್ಲವಲ್ಲ! ಅದನ್ನೆತ್ತಲು ಮಗು ಸೊಂಟವನ್ನು ಹಿಂದಕ್ಕೆ ಬಾಗಿಸುತ್ತಿತ್ತು; ಬೀಸಿದಾಗ ಕೋಲೇ ಅವಳನ್ನು ಎಳೆದೊಯ್ಯುತ್ತಿತ್ತು. ಬುಟ್ಟಿಯ ಚೆಂಡುಗಳು ಮುಗಿಯುವವರೆಗೆ ಬಿಡುವಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಅವಳಿಗೆ ಹೊಟ್ಟೆನೋವು ಬರುತ್ತದೆಂದು ತಾಯಿ ಮೆಲ್ಲಗೆ ಹೇಳಿದಳು.

“ಮಾವ, ಟೈಗರ್ ವುಡ್ಸ್ ಎರಡನೆಯ ವಯಸ್ಸಿಗೇ ಟಿ.ವಿ.ಯಲ್ಲಿ ಆಡಿ ತೋರಿಸಿದ್ದ, ನಿಮಗೆ ಗೊತ್ತೇ?” ಎಂದ ಸೋದರಳಿಯ.

ಗೊತ್ತು. ಅದು 1978ರ ಮಾತು, ಅಮೆರಿಕದಲ್ಲಿ. ಆದರೆ ಆ ಹುಡುಗ ಗ್ಯಾರೇಜಿನಲ್ಲಿ ತಂದೆ ಬಲೆಗೆ ಚೆಂಡು ಹೊಡೆಯುವುದನ್ನು ನೋಡುತ್ತಾ ತಾನಾಗಿ ಅನುಕರಿಸಿದವನು. ಎಳವೆಯಲ್ಲಿ ಕೋಲು ಹಿಡಿದು ಹತ್ತನೆಯ ವಯಸ್ಸಿಗೆ ಬೇಸತ್ತು ಎಸೆದ ಮಕ್ಕಳನ್ನು ಯಾವ ಟಿ.ವಿ.ಯೂ ತೋರಿಸುವುದಿಲ್ಲ. ಅಷ್ಟು ದೂರವೇಕೆ, ಬೆಂಗಳೂರಿನವರೇ ಆದ ಅದಿತಿ ಅಶೋಕ್ ಅವರನ್ನು ನೋಡಿ. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಮೈದಾನ ಕಾಣುತ್ತಿತ್ತು. ಅದೇನೆಂದು ಐದು ದಾಟಿದ ಮಗುವೇ ಕುತೂಹಲಪಟ್ಟಿತು, ತಂದೆತಾಯಿ ಅವಳೊಡನೆ ತಾವೂ ಕಲಿತರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದಾಗ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿಯೇ.

ಐದಾರು ವರ್ಷದ ಮಗುವಿಗೆ ದೂರವನ್ನು ಅಳೆಯುವ ಕಣ್ಣು ಇನ್ನೂ ಪಕ್ವವಾಗಿರುವುದಿಲ್ಲ, ಗಮನವೂ ಹೆಚ್ಚು ಹೊತ್ತು ನಿಲ್ಲದು. ‘ಭುಜ ತಿರುಗಿಸು, ಮೊಣಕೈ ನೇರವಿರಲಿ, ತಲೆ ಎತ್ತಬೇಡ’ ಎಂದು ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ಅದು ಒಂದನ್ನೂ ಹಿಡಿಯದು. ಆ ವಯಸ್ಸಿಗೆ ಬೇಕಾದದ್ದು ಓಡುವುದು, ಎಸೆಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ನಮ್ಮ ಕುಂಟೆಬಿಲ್ಲೆ, ಲಗೋರಿಗಳು ಗಾಲ್ಫಿಗೂ ಒಳ್ಳೆಯ ಪೀಠಿಕೆಯೇ.

ಅನಂತರ ಎಲ್ಲಿಂದ ಆರಂಭಿಸಬೇಕು? ಟೆಕ್ಸಾಸಿನ ಹಾರ್ವಿ ಪೆನಿಕ್ ಎಂಬ ಹೆಸರಾಂತ ಗುರು ಆಟವನ್ನು ಕುಳಿಯಿಂದ ಹಿಂದಕ್ಕೆ ಕಲಿಸಬೇಕೆನ್ನುತ್ತಿದ್ದರು. ಕುಳಿಯ ಅಗಲ 10.8 ಸೆಂಟಿಮೀಟರ್. ಎರಡು ಹೆಜ್ಜೆ ದೂರದಿಂದ ಹಗುರವಾಗಿ ತಳ್ಳಿದರೆ ಚೆಂಡು ಟಪ್ಪೆಂದು ಒಳಗೆ ಬೀಳುತ್ತದೆ. ಮಗುವಿಗೆ ಆಟದ ಗುರಿ ಏನೆಂಬುದು ಅಲ್ಲೇ ತಿಳಿಯುತ್ತದೆ. ದೂರ ಹೊಡೆಯುವುದು ಆಮೇಲಿನದು. ಇದನ್ನು ಹೇಳಿದಾಗ ಸೋದರಳಿಯ ಬಹಳ ಹೊತ್ತು ಸುಮ್ಮನಿದ್ದ. ಮುಂದಿನ ತಿಂಗಳಿಂದ ಶನಿವಾರದ ತರಗತಿ ನಿಂತಿತು. ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕೋಲು, ಮಲಗಿಸಿಟ್ಟ ಸ್ಟೀಲ್ ಲೋಟ ಬಂದವು.

ಒಂಬತ್ತರಿಂದ ಹನ್ನೆರಡರವರೆಗೆ ಮಕ್ಕಳು ಚಲನೆಯನ್ನು ನೋಡಿಯೇ ಹೀರಿಕೊಳ್ಳುತ್ತಾರೆ. ಪೂರ್ಣ ಬೀಸು, ನಿಯಮ, ಶಿಷ್ಟಾಚಾರಗಳಿಗೆ ಅದು ತಕ್ಕ ಕಾಲ. ಆಗಲೂ ಬೇರೆ ಆಟಗಳನ್ನು ಬಿಡಿಸಬೇಡಿ. ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡುವುದು ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳೆಯುವ ಮೂಳೆಯ ತುದಿಗಳು ಇನ್ನೂ ಮೃದು. ಒಂದೇ ತಿರುವಿನ ಸಾವಿರ ಆವೃತ್ತಿಯನ್ನು ಬೆನ್ನು, ಮಣಿಕಟ್ಟುಗಳು ಸಹಿಸವು.

ಹೆಚ್ಚಿನ ತಾಯ್ತಂದೆಯರು ಗಾಬರಿಯಾಗುವುದು ಹದಿಮೂರರ ಆಸುಪಾಸಿನಲ್ಲಿ. ನಿನ್ನೆವರೆಗೆ ಚೆನ್ನಾಗಿ ಆಡುತ್ತಿದ್ದ ಹುಡುಗನ ಚೆಂಡು ಇದ್ದಕ್ಕಿದ್ದಂತೆ ಪೊದೆಗೆ ಹೋಗತೊಡಗುತ್ತದೆ. ಶ್ರದ್ಧೆ ಕಡಿಮೆಯಾಯಿತೆಂದು ಬೈಯುವ ಮುನ್ನ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಕೈಕಾಲು ಸರಸರನೆ ಉದ್ದವಾದಾಗ ಹಳೆಯ ಲೆಕ್ಕ ತಪ್ಪುವುದು ಸಹಜ. ಕೆಲವು ತಿಂಗಳಲ್ಲಿ ಮೈ ಹೊಸ ಅಳತೆಗೆ ಹೊಂದಿಕೊಳ್ಳುತ್ತದೆ. ಮಗನ ಬೂಟು ಬಿಗಿಯಾದರೆ ಆ ವಾರವೇ ಬದಲಾಯಿಸುವ ನೀವು, ಅವನ ಕೋಲಿನ ಉದ್ದವನ್ನು ಕಡೆಯ ಬಾರಿ ನೋಡಿದ್ದು ಯಾವಾಗ?