ಉಪ್ನಾನದ ಟೇಪು ಕಂಪ್ಯೂಟರಿಂಗೆ ಇಳುದ್ದದು

ನಿಂಗಳ ಮನೆಯ ಕಪಾಟಿಲಿಯೂ ಇಕ್ಕು, ಬೆಂಕಿಪೆಟ್ಟಿಗೆಂದ ರಜ್ಜ ದೊಡ್ಡ ಇಪ್ಪ ಸಣ್ಣ ಸಣ್ಣ ಕೇಸೆಟ್ಟುಗೊ. ಮಿನಿ ಡೀವಿ ಹೇಳ್ತವು ಅದಕ್ಕೆ. ಮೊಬೈಲಿಲಿ ವೀಡಿಯೋ ತೆಗವಲೆ ಸುರು ಅಪ್ಪಂದ ಮದಲು ಆರ ಮನೆಲಿ ಮದುವೆ, ಉಪ್ನಾನ ಕಳುದ್ದೋ, ಅಲ್ಲಿ ಹುಡ್ಕಿರೆ ನಾಲ್ಕಾದರೂ ಸಿಕ್ಕುಗು. ಎಂಗಳಲ್ಲಿ 11 ಇದ್ದು. ಮಗನ ಉಪ್ನಾನ 2004ರ ಮೇ ತಿಂಗಳಿಲಿ ಆದ್ದದು. ನ್ಯೂಜೆರ್ಸಿಲಿಪ್ಪ ಎನ್ನ ತಮ್ಮ° ಆ ಸರ್ತಿ ಬಪ್ಪಗ ಒಂದು ಕೆಮರ ತಂದಿತ್ತಿದ್ದ°, ಹೋಪಗ ಇಲ್ಲಿಯೇ ಬಿಟ್ಟಿಕ್ಕಿ ಹೋದ°. ಅಂದು ಟೀವಿಗೆ ವಯರು ಸಿಕ್ಕುಸಿ ಎರಡು ಸರ್ತಿ ನೋಡಿದ್ದೆಯೊ°. ಮತ್ತೆ ಎಲ್ಲ ಕರಡಿಗೆಯ ಒಳ, ಕರಡಿಗೆ ಅಟ್ಟಲ್ಲಿ.

ಈಗ ಅದರ ನೆಂಪು ಮಾಡಿದ್ದು ಎನ್ನ ನಾದಿನಿ. ಅತ್ತೆ 2009ರಲ್ಲಿ ತೀರಿಗೊಂಡವು. ಪಟ ಬೇಕಾದಷ್ಟು ಇದ್ದು. "ಅಬ್ಬೆಯ ಸ್ವರ ಎಲ್ಲಿಯಾದರೂ ಇದ್ದೋ ಅತ್ತಿಗೆ?" ಹೇಳಿ ಕೇಳಿತ್ತು ಒಂದು ದಿನ. ಅತ್ತೆ ಶೋಭಾನೆ ಹೇಳ್ತರಲ್ಲಿ ಗಟ್ಟಿಗೆತ್ತಿ. ನಾಲ್ಕು ಮನೆಯ ಜೆಂಬ್ರಕ್ಕೆ ಅವರ ದೆನಿಗೇಳಿಗೊಂಡಿತ್ತಿದ್ದವು. ಬರದು ಮಡುಗಿದ್ದು ಒಂದು ಗೆರೆಯೂ ಇಲ್ಲೆ. ಎಲ್ಲ ಬಾಯಿಲಿ ಇದ್ದದು, ಬಾಯಿಯೊಟ್ಟಿಂಗೆ ಹೋತು. ಒಳುದ್ದದು ಇದ್ದರೆ ಆ ಟೇಪಿಲಿಯೇ ಇರೆಕ್ಕಷ್ಟೆ.

ಸುರುವಿಂಗೆ ಎಲ್ಲೋರೂ ಮಾಡುದು ಯು.ಎಸ್.ಬಿ. ವಯರು ಸಿಕ್ಕುಸುದು. ಕೆಮರಲ್ಲಿ ಆ ಒಟ್ಟೆ ಇದ್ದು. ಸಿಕ್ಕುಸಿರೆ ಕಂಪ್ಯೂಟರು ಟಿಂಯ್ ಹೇಳ್ತು, ಒಂದು ಫೋಲ್ಡರು ಬತ್ತು, ಅದರೊಳ ನಾಲ್ಕು ಪಟ. ಟೇಪಿಲಿಪ್ಪದು ಎಂತದೂ ಇಲ್ಲೆ. ಎಂಗಳ ಕೆಮರಲ್ಲಿ ಅದು ಮೆಮೊರಿ ಕಾರ್ಡಿನ ಬಾಗಿಲು. ಟೇಪಿನ ಬಾಗಿಲು ಬೇರೆ, ಡೀವಿ ಹೇಳಿ ಬರದಿಪ್ಪ ಇನ್ನೊಂದು ಸಣ್ಣ ಒಟ್ಟೆ. ಅದಕ್ಕೆ ಹೆಸರು ಮೂರು: ಆಪಲಿನವು ಫೈರ್‌ವೈರ್ ಹೇಳಿದವು, ಸೋನಿಯವು ಐ-ಲಿಂಕ್ ಹೇಳಿದವು, 1995ರಲ್ಲಿ ನಿಗಂಟಾದ ಶಾಸ್ತ್ರೋಕ್ತ ಹೆಸರು ಐಇಇಇ 1394. ಒಂದೇ ಮಾಣಿಗೆ ಜಾತಕದ ಹೆಸರು, ಶಾಲೆಯ ಹೆಸರು, ಮನೆಲಿ ದೆನಿಗೇಳುವ ಹೆಸರು ಇದ್ದ ಹಾಂಗೆ. ಅಂಗಡಿಲಿ ಕೇಳುವಗ ಮೂರನ್ನೂ ಹೇಳೆಕ್ಕಾವುತ್ತು.

ಒಂದು ತುದಿಲಿ ಯು.ಎಸ್.ಬಿ., ಇನ್ನೊಂದು ತುದಿಲಿ ಫೈರ್‌ವೈರ್ ಇಪ್ಪ ವಯರು ಆನ್‌ಲೈನಿಲಿ ಸಿಕ್ಕುತ್ತು, ತುಂಬ ಕಮ್ಮಿಗೆ. ಮಗ° ಬೆಂಗ್ಳೂರಿಂದ ಒಂದರ ಕಳುಸಿತ್ತಿದ್ದ°. ತೆಕ್ಕೊಳೆಡಿ. ಎರಡು ಹೊಡೆಲಿಯೂ ಮೋರೆ ಇದ್ದು, ನಡುಗೆ ತಲೆ ಇಲ್ಲೆ. ಎರಡರ ಮಾತುಕತೆಯ ಕ್ರಮವೇ ಬೇರೆ, ಬರೇ ತಂತಿ ಜೋಡಿಸಿರೆ ಅದು ಭಾಷಾಂತರ ಆವುತ್ತಿಲ್ಲೆ. ಕಂಪ್ಯೂಟರಿನ ಒಳಂಗೆ ಫೈರ್‌ವೈರ್ ಕಾರ್ಡೇ ಬೇಕು. ಎಂಗಳದ್ದು ಮೇಜಿನ ಮೇಗೆ ಇಪ್ಪ ಹಳೆ ನಮುನೆಯ ಕಂಪ್ಯೂಟರು ಆದ ಕಾರಣ ಬಚಾವು, ಕಾರ್ಡು ಹಾಕುಲೆ ಜಾಗೆ ಇತ್ತು. ವಯರಿಂಗೆ ಕೆಮರದ ಹೊಡೆಲಿ 4 ಪಿನ್ನು, ಕಾರ್ಡಿನ ಹೊಡೆಲಿ 6 ಪಿನ್ನು.

ಕಾರ್ಡು ಹಾಕಿಯಪ್ಪಗಳೂ ಕೆಮರ ಕಂಡಿದಿಲ್ಲೆ. ಎರಡು ಕಾರಣ ಇತ್ತು. ಒಂದು, ಕೆಮರದ ತಿರುಗಣೆ ವೀಡಿಯೋ ತೆಗವ ಹೊಡೆಲಿ ಇದ್ದರೆ ಆಗ, ಪ್ಲೇ ಹೊಡೆಲಿ ಇರೆಕ್ಕು. ಇನ್ನೊಂದು, ವಿಂಡೋಸ್ 10 ತನ್ನಷ್ಟಕ್ಕೆ ಹಾಕಿಗೊಂಡ ಡ್ರೈವರು ಎಂಗಳ ಕಾರ್ಡಿಂಗೆ ಹಿಡುದ್ದಿಲ್ಲೆ. ಡಿವೈಸ್ ಮ್ಯಾನೇಜರಿಂಗೆ ಹೋಗಿ 1394ಕ್ಕೆ "ಲೆಗಸಿ" ಹೇಳುವ ಹಳೆ ಡ್ರೈವರಿನ ಹಾಕಿದ ಮತ್ತೆ ಕೆಮರದ ಹೆಸರು ಬಂತು. ಮಗ° ಫೋನಿಲಿ ಹೇಳಿದ°, ಆನು ಒತ್ತಿದೆ.

ಇದಕ್ಕೆ ಮದಲೇ ಪೇಟೆಯ ಒಂದು ಸ್ಟುಡಿಯೋಕ್ಕೆ ಮೂರು ಟೇಪು ಕೊಟ್ಟು ನೋಡಿತ್ತಿದ್ದೆಯೊ°. "ಟೇಪು ಪೂರಾ ಹಾಳಾಯಿದು, ಇಡ್ಕಿ" ಹೇಳಿ ವಾಪಾಸು ಕೊಟ್ಟವು. ಹಾಳಾಯಿದಿಲ್ಲೆ. ತಮ್ಮ° ತಂದದು ಅಮೇರಿಕದ ಕೆಮರ, ಎನ್‌ಟಿಎಸ್‌ಸಿ ಲೆಕ್ಕದ್ದು: ಸೆಕೆಂಡಿಂಗೆ ಹತ್ತರೆ ಹತ್ತರೆ 30 ಚಿತ್ರ, 480 ಗೆರೆ. ನಮ್ಮ ಊರಿನ ಕೆಮರಂಗೊ ಪಾಲ್ ಲೆಕ್ಕದ್ದು: 25 ಚಿತ್ರ, 576 ಗೆರೆ. ಇಲ್ಲಿಯಾಣ ಕೆಮರಲ್ಲಿ ಅಲ್ಲಿಯಾಣ ಟೇಪು ಹಾಕಿರೆ ಹೆಚ್ಚಾಗಿ ಚಿತ್ರ ಬಾರ. ಇಷ್ಟು ಸಣ್ಣ ವಿಷಯ ಕೇಳದ್ದೆ ಇಡ್ಕಿ ಹೇಳುದು ಹೇಂಗಪ್ಪಾ? ನಿಂಗೊಗೂ ಆರಾದರೂ ಹಾಂಗೆ ಹೇಳಿರೆ, ಯಾವ ದೇಶದ ಕೆಮರಲ್ಲಿ ತೆಗದ್ದು ಹೇಳಿ ಸುರುವಿಂಗೆ ನೋಡಿ.

ಹನ್ನೊಂದರಲ್ಲಿ ಅಕೇರಿಯಾಣದ್ದು ಇನ್ನೂ ಸೂಕ್ಷ್ಮ. ಟೇಪು ಮುಗಿವಲಾತು ಹೇಳಿ ತಮ್ಮ° ಅದರಲ್ಲಿ ಎಲ್.ಪಿ. ಮಾಡಿತ್ತಿದ್ದ°. ಹಾಂಗೆ ಮಾಡಿರೆ 60 ನಿಮಿಷದ ಟೇಪಿಲಿ 90 ನಿಮಿಷ ಹಿಡಿತ್ತು. ಟೇಪಿನ ಮೇಗೆ ಕೆಮರ ಎಳವ ಗೆರೆ ಮಾಮೂಲಿಲಿ 10 ಮೈಕ್ರೊಮೀಟರು ಅಗಲ, ಎಲ್.ಪಿ.ಲಿ 6.7. ಅಷ್ಟು ಸಪೂರದ ಗೆರೆಯ, ಅದರ ಎಳದ ಕೆಮರವೇ ಓದಿರೆ ಒಳ್ಳೆದು. ಬೇರೆದರ ತಲೆ ಒಂದು ಕೂದಲೆಳೆ ಓರೆ ಇದ್ದರೂ ಚಿತ್ರ ಪೂರಾ ಚೌಕ ಚೌಕ. ಎಂಗಳ ಕೆಮರವೋ, ಬೇಟ್ರಿ ಸತ್ತಿದು, ಕೇಸೆಟ್ಟಿನ ಬಾಗಿಲು ಒಂದೊಂದರಿ ಅರ್ಧಕ್ಕೆ ನಿಲ್ಲುತ್ತು. ಇನ್ನು ಎಷ್ಟು ಗಂಟೆ ಓಡುಗು ಹೇಳಿ ಆರಿಂಗೆ ಗೊಂತು? "ಒಂದನೇದರಿಂದ ಕ್ರಮಲ್ಲಿ ಮಾಡುವ°" ಹೇಳಿದ° ಮಗ°. ಆನು ಒಪ್ಪಿದ್ದಿಲ್ಲೆ. ಬೇರೆ ಟೇಪಿಂಗೆ ಬೇರೆ ಕೆಮರ ಎಲ್ಲಿಯಾದರೂ ಸಿಕ್ಕುಗು, ಅಕೇರಿಯಾಣದಕ್ಕೆ ಇದೊಂದೇ. ಹಾಂಗಾಗಿ ಅದರನ್ನೇ ಸುರು ಮಾಡಿದ್ದು. ಹಾಕುಂದ ಮದಲು ಕೇಸೆಟ್ಟಿನ ಕರೆಲಿಪ್ಪ ಸಣ್ಣ ಗುಬ್ಬಿಯ ಸೇವ್ ಹೊಡೆಂಗೆ ನೂಕೆಕ್ಕು, ಮೇಗಂದ ಮೇಗೆ ರೆಕಾರ್ಡು ಆಗದ್ದ ಹಾಂಗೆ. ತಲೆ ತೊಳವ ಕೇಸೆಟ್ಟು ಹೇಳಿ ಬತ್ತು, ಅದರ ಒಂದು ಹತ್ತು ಸೆಕೆಂಡು ಓಡುಸಿದೆಯೊ°. ಟೇಪಿನ ಒಂದರಿ ಪೂರಾ ಮುಂದೆ ಓಡುಸಿ ಹಿಂದೆ ತಂದೆಯೊ°, ಇಷ್ಟು ವರ್ಷ ಒಂದೇ ನಮುನೆ ಸುತ್ತಿಗೊಂಡು ಇದ್ದದು ಸಡ್ಲ ಆಗಲಿ ಹೇಳಿ.

ವಿನ್‌ಡೀವಿ ಹೇಳುವ ಧರ್ಮದ ಸಣ್ಣ ಪ್ರೋಗ್ರಾಮು ಸಾಕು ಈ ಕೆಲಸಕ್ಕೆ. ಆದರೆ ಪೆನ್‌ಡ್ರೈವಿಂದ ಕೋಪಿ ಮಾಡಿದ ಹಾಂಗೆ ಅಂಬೆರ್ಪಿಲಿ ಆವುತ್ತಿಲ್ಲೆ. ಒಂದು ಗಂಟೆಯ ಟೇಪಿಂಗೆ ಒಂದು ಗಂಟೆಯೇ ಬೇಕು, 13 ಜೀಬಿ ಜಾಗೆ ಬೇಕು. ಆ ಹೊತ್ತಿಂಗೆ ಕಂಪ್ಯೂಟರಿಲಿ ಬೇರೆ ಎಂತದೂ ಮಾಡ್ಲಾಗ, ಎಡಕ್ಕಿಲಿ ಚಿತ್ರ ಬಿದ್ದು ಹೋವುತ್ತು. ಮಳೆಗಾಲ ಬೇರೆ, ಕರೆಂಟಿನ ಕತೆ ನಿಂಗೊಗೆ ಗೊಂತಿದ್ದನ್ನೆ. ಕೆಮರವನ್ನೂ ಕಂಪ್ಯೂಟರನ್ನೂ ಇನ್ವರ್ಟರಿಂಗೆ ಹಾಕಿ ಕೂದೆ.

19 ನಿಮಿಷಕ್ಕೆ ನಿಂದತ್ತು. ಪುನಾ ಮಾಡಿದೆ, ಪುನಾ 19. ಟೇಪೇ ಅಲ್ಲಿ ತುಂಡಾಯಿದೋ ಹೇಳಿ ಎದೆ ಧಸಕ್ಕ ಹೇಳಿತ್ತು. ಇನ್ನೊಂದು ಟೇಪು ಹಾಕಿ ನೋಡಿದೆ, ಅದುದೇ 19ಕ್ಕೆ ನಿಂದತ್ತು. ಎರಡು ಟೇಪು ಒಂದೇ ನಿಮಿಷಕ್ಕೆ ಹಾಳಪ್ಪಲೆ ಅವು ಅವಳಿ ಮಕ್ಕಳೋ? ದೋಷ ಟೇಪಿಂದಲ್ಲ, ಹೆರಾಣ ಹಾರ್ಡ್‌ಡಿಸ್ಕಿಂದು. ಅದು ಫ್ಯಾಟ್ 32 ಕ್ರಮಲ್ಲಿ ಇತ್ತು. ಆ ಕ್ರಮಲ್ಲಿ ಒಂದು ಫೈಲು 4 ಜೀಬಿಂದ ಮೇಗೆ ಬೆಳವಲಿಲ್ಲೆ. ಡೀವಿ ಲೆಕ್ಕಲ್ಲಿ 4 ಜೀಬಿ ಹೇಳಿರೆ ಸರೀ ಅಷ್ಟೇ ಹೊತ್ತು. ಡಿಸ್ಕಿಲಿ ಇದ್ದದರ ಬೇರೆ ಕಡೆಂಗೆ ತೆಗದು, ಎನ್‌ಟಿಎಫ್‌ಎಸ್ ಮಾಡಿ ಫಾರ್ಮೇಟು ಹೊಡದ ಮತ್ತೆ ತುದಿವರೆಗೆ ಬಂತು.

ಟೇಪು ಬರೇ ಚಿತ್ರ ಅಲ್ಲ, ತೆಗದ ತಾರೀಕು, ಗಂಟೆಯನ್ನೂ ಮಡಿಕ್ಕೊಂಡಿರ್ತು. ವಿನ್‌ಡೀವಿ ಅದರನ್ನೇ ಫೈಲಿನ ಹೆಸರು ಮಾಡ್ತು. ನೋಡಿರೆ ಮಗನ ಬ್ರಹ್ಮೋಪದೇಶ ಇರುಳು 1 ಗಂಟೆ 35 ನಿಮಿಷಕ್ಕೆ! ಮುಹೂರ್ತ 11:05ಕ್ಕೆ ಇದ್ದದು. ತಮ್ಮ° ಕೆಮರದ ಗಡಿಯಾರವ ನ್ಯೂಜೆರ್ಸಿಂದ ಇಲ್ಲಿಗೆ ತಿರುಗುಸಿತ್ತಿದ್ದಿಲ್ಲೆ, ಒಂಬತ್ತುವರೆ ಗಂಟೆ ಹಿಂದೆ ಓಡಿಗೊಂಡಿದ್ದತ್ತು.

ಮತ್ತೆ ಎಡಿಟಿಂಗು. ಶಾಟ್‌ಕಟ್ ಹೇಳುವದರಲ್ಲಿ ಮಾಡುದು, ಅದುದೇ ಧರ್ಮಕ್ಕೆ ಸಿಕ್ಕುತ್ತು. ಸುರುವಿಂಗೆ ಪ್ರೊಜೆಕ್ಟಿನ 29.97 ಚಿತ್ರಕ್ಕೆ ಮಡುಗೆಕ್ಕು, 25ಕ್ಕೆ ಮಡುಗಿರೆ ಜೆನ ನಡವದು ಕುಂಟಿದ ಹಾಂಗೆ ಕಾಣ್ತು. ಕೈ ಆಡುಸುವಲ್ಲಿ ಬಾಚಣಿಗೆಯ ಹಲ್ಲಿನ ಹಾಂಗೆ ಗೆರೆ ಬಂದರೆ ಡಿ-ಇಂಟರ್‌ಲೇಸ್ ಮಾಡೆಕ್ಕು. ಇಷ್ಟೇ ವಿಷಯ, ಒಳುದ್ದದು ಕತ್ತರಿ ಕೆಲಸ.

ಕತ್ತರಿಲಿಯೇ ಎಂಗೊಗೆ ಚರ್ಚೆ ಆದ್ದದು. ಅಕೇರಿಯಾಣ ಟೇಪಿಲಿ ತಮ್ಮ° ಕೆಮರವ ನಂದುಸದ್ದೆ ಅಟ್ಟುಂಬೊಳದ ಕಿಟಿಕಿಲಿ ಮಡುಗಿಕ್ಕಿ ಉಂಬಲೆ ಹೋಯಿದ°. 37 ನಿಮಿಷ ಒಂದೇ ಚಿತ್ರ: ಗೋಡೆ, ಗೋಡೆಗೆ ಎರಗಿದ ಒಂದು ಕೊಪ್ಪರಿಗೆ. ಒಂದರಿ ಪುಚ್ಚೆ ದಾಂಟಿ ಹೋವುತ್ತು, ಮತ್ತೆ ಪುನಾ ಗೋಡೆ. ರಜೆಲಿ ಬಂದಿಪ್ಪಗ ಮಗ° ಪಕ್ಕಪಕ್ಕನೆ ಓಡುಸಿ ನೋಡಿ, "ಇದು ವೇಷ್ಟು ಅಮ್ಮ, ತೆಗದಿಡ್ಕುವ°" ಹೇಳಿದ°. ಓಡುಸುವಗ ಶಬ್ದ ಕೇಳ್ತಿಲ್ಲೆ ಅದಾ. ಆನು ಟೇಪು ಇಳಿವಗ ಅಷ್ಟು ಹೊತ್ತೂ ಎದುರೇ ಕೂದಿತ್ತಿದ್ದೆ. ಆ ಗೋಡೆಯ ಹಿಂದೆ ಐದಾರು ಹೆಮ್ಮಕ್ಕೊ ಇರುಳಾಣ ಬೆಂದಿಗೆ ಕೊರದುಗೊಂಡು ಇತ್ತಿದ್ದವು. ಮೆಟ್ಟುಕತ್ತಿಯ ಸರಕ್ ಸರಕ್, ಬಳೆಯ ಶಬ್ದ. ಅದರ ಎಡಕ್ಕಿಲಿ ಅತ್ತೆ. ಒಂದು ಶೋಭಾನೆ ಸುರು ಮಾಡ್ತವು, ಎರಡು ನುಡಿ ಅಪ್ಪಗ ನಿಲ್ಲುಸಿ ಉಪ್ಪಿನ ಲೆಕ್ಕ ಹೇಳ್ತವು, ಪುನಾ ಬಿಟ್ಟಲ್ಲಿಂದಲೇ ಹಿಡಿತ್ತವು. ಹಾಂಗೆ ಮೂರು ಹಾಡು. ಒಂದು ಮಾಂತ್ರ ತುದಿವರೆಗೆ ಇದ್ದು.

ಮಗ° ಹಾಡಿನ ಮಾಂತ್ರ ತುಂಡು ಮಾಡಿ ಒಂದು ಫೈಲು ಮಾಡಿದ°, ಚಿತ್ರಕ್ಕೆ ಅತ್ತೆಯ ಪಟ ಹಾಕಿದ°. ಚೆಂದ ಆಯಿದು, ಇಲ್ಲೆ ಹೇಳ್ತಿಲ್ಲೆ. ಆನು ನಾದಿನಿಗೆ ಅದರನ್ನೂ ಕಳುಸಿದೆ, ಗೋಡೆಯ 37 ನಿಮಿಷವನ್ನೂ ಕಳುಸಿದೆ. ಮರದಿನ ಉದಿಯಪ್ಪಗ ಫೋನು. "ಅತ್ತಿಗೆ, 22ನೇ ನಿಮಿಷಲ್ಲಿ ಅಬ್ಬೆ ಎನಗೆ ಬೈತ್ತವು, ಬದನೆ ದಪ್ಪಕೆ ಕೊರದ್ದೆ ಹೇಳಿ. ಅದರ ಕತ್ತರ್ಸೆಡಿ ಆತೋ" ಹೇಳಿತ್ತು. ನೆಗೆ ಮಾಡಿಗೊಂಡು ಹೇಳಿದ್ದೋ ಕೂಗಿಗೊಂಡು ಹೇಳಿದ್ದೋ, ಫೋನಿಲಿ ಅಂದಾಜಿ ಆಯಿದಿಲ್ಲೆ.

ಈಗ 9 ಟೇಪು ಆತು. ಎಡಿಟು ಮಾಡದ್ದ ಮೂಲ ಫೈಲುಗಳ ಎರಡು ಡಿಸ್ಕಿಲಿ ಮಡುಗಿದ್ದೆ, ಒಂದು ಇಲ್ಲಿ, ಒಂದು ಮಗನ ಹತ್ರೆ. ಒಳುದ ಎರಡರ ಕರೆಲಿ ಬೆಳಿ ಬೂಸರು ಕಾಣ್ತು. ಅದರ ಕೆಮರಕ್ಕೆ ಹಾಕಿರೆ ಬೂಸರು ತಲೆಗೆ ಹಿಡಿತ್ತು, ಅಲ್ಲಿಂದ ಬೇರೆ ಟೇಪಿಂಗೂ ಹೋವುತ್ತು. ಒಂದು ಕರಡಿಗೆಲಿ ಸಿಲಿಕಾ ಪೊಟ್ಟಣ ಹಾಕಿ ಬೇರೆಯೇ ಮಡುಗಿದ್ದೆ. ಬೂಸರು ತೆಗದು ಕೊಡುವ ಜೆನ ಹತ್ತರೆ ಎಲ್ಲಿಯಾದರೂ ಇದ್ದರೆ ಹೇಳಿಕ್ಕಿ.